ಬ್ಲೂಟೂತ್ ಅನ್ನೋ ರಾಜ: ಡೇನರ ನಾಡು ಮತ್ತು ನಮ್ಮ ಜಿಲ್ಲೆ

ಸೂಪರ್ ಮಾರ್ಕೆಟ್ ಅಂದ್ರೆ ಬೇರೆ ಊರಿನವರು ಎಸಿ ಹಾಕಿದ ಒಂದು ದೊಡ್ಡ ಅಂಗಡಿ ಅಂದ್ಕೋತಾರೆ. ಕಲಬುರಗಿಯವರಿಗೆ ಗೊತ್ತು, ಅದು ಪೂರಾ ಒಂದು ಬಜಾರು. ಅಲ್ಲಿ ಮೊಬೈಲ್ ಸಾಮಾನಿನ ಅಂಗಡಿ ಮುಂದೆ ನಿಂತು "ಬ್ಲೂಟೂತ್ ತೋರಸ್ರಿ" ಅಂದ್ರೆ ಸಾಕು, ಇಯರ್‌ಫೋನ್ ಡಬ್ಬಿಗಳ ಸಾಲೇ ಬಂದು ಬೀಳುತ್ತೆ. ಆ ಡಬ್ಬಿಯ ಮೇಲಿನ ನೀಲಿ ಗುರುತು ನಿಜವಾಗಿ ಎರಡು ಹಳೆ ಅಕ್ಷರಗಳು, ಒಂದರ ಮೇಲೊಂದು ಕೂಡಿಸಿದ್ದು. ರೂನ್ ಎಂಬ ಲಿಪಿಯ 'ಹ' ಮತ್ತು 'ಬ'. ಹರಾಲ್ಡ್ ಬ್ಲೂಟೂತ್ ಅನ್ನೋ ಡೇನರ ರಾಜನ ಹೆಸರಿನ ಮೊದಲಕ್ಷರಗಳು. ಆತ ಡೇನರನ್ನೂ ನಾರ್ವೆಯ ಒಂದಷ್ಟು ಭಾಗವನ್ನೂ ಒಂದುಗೂಡಿಸಿದವನು. ಫೋನು, ಕಂಪ್ಯೂಟರು, ಹೆಡ್‌ಸೆಟ್ಟುಗಳನ್ನು ಒಂದುಗೂಡಿಸೋ ತಂತ್ರಜ್ಞಾನಕ್ಕೆ ಅವನ ಹೆಸರೇ ಇಡೋಣ ಅಂತ 1997ರಲ್ಲಿ ಸೂಚಿಸಿದ್ದು ಇಂಟೆಲ್ ಕಂಪನಿಯ ಎಂಜಿನಿಯರ್ ಜಿಮ್ ಕಾರ್ಡಾಕ್. ತಾತ್ಕಾಲಿಕ ಹೆಸರು ಅಂತ ಇಟ್ಟಿದ್ದು ಹಾಗೇ ಉಳಿದುಬಿಟ್ಟಿತು.

ಈ ಹರಾಲ್ಡ್ ಸುಮಾರು 965ರಲ್ಲಿ ಯೆಲಿಂಗ್ ಅನ್ನೋ ಊರಲ್ಲಿ ಒಂದು ದೊಡ್ಡ ಕಲ್ಲು ನಿಲ್ಲಿಸಿದ. ಅದರ ಮೇಲೆ 'ಡೆನ್ಮಾರ್ಕ್' ಅನ್ನೋ ಹೆಸರು ಕೆತ್ತಿದೆ. ಡೇನರು ಅದನ್ನು ತಮ್ಮ ದೇಶದ ಜನನ ಪ್ರಮಾಣಪತ್ರ ಅಂತಾನೇ ಕರೀತಾರೆ.

ಅದೇ ಹೊತ್ತಿಗೆ ನಮ್ಮಲ್ಲಿ ಏನು ನಡೀತಿತ್ತು? ಸೇಡಂ ರಸ್ತೆಯಲ್ಲಿ ಹೋದರೆ ಸಿಗೋ ಮಳಖೇಡ ಆಗ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಮೂರನೇ ಕೃಷ್ಣ ಆಳ್ತಿದ್ದ, ಅವನ ಆಸ್ಥಾನದಲ್ಲಿ ಪೊನ್ನ ಇದ್ದ. ಅದಕ್ಕೂ ಸುಮಾರು ನೂರು ವರ್ಷ ಮೊದಲು, ನೃಪತುಂಗನ ಕಾಲದಲ್ಲೇ ಕವಿರಾಜಮಾರ್ಗ ಬಂದಾಗಿತ್ತು. ಕನ್ನಡನಾಡು ಕಾವೇರಿಯಿಂದ ಗೋದಾವರಿವರೆಗೆ ಅಂತ ಗಡಿ ಹೇಳಿದ ಪುಸ್ತಕ ಅದು. ಡೇನರು ತಮ್ಮ ನಾಡಿನ ಹೆಸರನ್ನು ಕಲ್ಲಲ್ಲಿ ಕೊರೆಯೋ ಮುಂಚೆ ನಮ್ಮ ಜಿಲ್ಲೆಯಲ್ಲಿ ನಾಡಿನ ಅಳತೆ ಪುಸ್ತಕದಲ್ಲಿ ಬರೆದಾಗಿತ್ತು. ಇದನ್ನ ಜಂಬಕ್ಕೆ ಹೇಳ್ತಿಲ್ಲ. ಎರಡೂ ನಾಡು ಆ ಗಡಿಯಲ್ಲಿ ನಿಲ್ಲಲಿಲ್ಲ, ಅದಕ್ಕೇ ಹೇಳ್ತಿರೋದು. ಆ ವಿಷಯಕ್ಕೆ ಆಮೇಲೆ ಬರ್ತೀವಿ.

ಮೊದಲು ಆ ನಾಡು ಎಷ್ಟಿದೆ ನೋಡೋಣ. ಡೆನ್ಮಾರ್ಕಿನ ವಿಸ್ತೀರ್ಣ ಸುಮಾರು 43,000 ಚದರ ಕಿ.ಮೀ. ನಮ್ಮ ಕಲಬುರಗಿ ಜಿಲ್ಲೆ ಸುಮಾರು 11,000. ಅಂದ್ರೆ ನಾಲ್ಕು ಕಲಬುರಗಿ ಜಿಲ್ಲೆ ಸೇರಿಸಿದರೆ ಒಂದು ಡೆನ್ಮಾರ್ಕ್. ಜನ ಸುಮಾರು 60 ಲಕ್ಷ. ಜರ್ಮನಿಗೆ ಅಂಟಿಕೊಂಡು ಉತ್ತರಕ್ಕೆ ಚಾಚಿದ ಯುಟ್ಲಂಡ್ ಪರ್ಯಾಯ ದ್ವೀಪ, ಪಕ್ಕದಲ್ಲಿ 400ಕ್ಕೂ ಹೆಚ್ಚು ದ್ವೀಪ. ರಾಜಧಾನಿ ಕೋಪನ್‌ಹೇಗನ್ ಇರೋದೂ ದ್ವೀಪದ ಮೇಲೇ. ಗ್ರೀನ್‌ಲ್ಯಾಂಡ್ ಕೂಡ ಅದೇ ರಾಜ್ಯಕ್ಕೆ ಸೇರಿದ್ದರೂ ಅಲ್ಲಿಯವರು ಬೇರೆ ಜನ, ಬೇರೆ ಭಾಷೆ, 2009ರಿಂದ ವಿಸ್ತಾರವಾದ ಸ್ವಯಂ ಆಡಳಿತ. ಅದನ್ನ ಡೇನರ ತವರು ಅನ್ನೋಕಾಗಲ್ಲ.

ಆ ದೇಶದಲ್ಲಿ ಬೆಟ್ಟ ಅನ್ನೋದೇ ಇಲ್ಲ. ಅತಿ ಎತ್ತರದ ಜಾಗ ಮೊಲ್ಲೆಹೊಯ್, 171 ಮೀಟರಿಗೂ ಒಂದು ಚೂರು ಕಡಿಮೆ. ಇನ್ನೊಂದು 147 ಮೀಟರಿನ ದಿಬ್ಬಕ್ಕೆ ಅವರಿಟ್ಟ ಹೆಸರಿನ ಅರ್ಥ 'ಆಕಾಶಬೆಟ್ಟ'! ನಮ್ಮ ಕಲಬುರಗಿ ಊರೇ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಸೂಪರ್ ಮಾರ್ಕೆಟ್‌ನಲ್ಲಿ ನೆಲದ ಮೇಲೆ ಕೂತು ಕಮಲಾಪುರದ ಕೆಂಪು ಬಾಳೆಹಣ್ಣು ಮಾರೋರು ಡೆನ್ಮಾರ್ಕಿನ ಯಾವ ಶಿಖರಕ್ಕಿಂತಲೂ ಎರಡೂವರೆ ಪಟ್ಟು ಎತ್ತರದಲ್ಲಿ ಕೂತಿರ್ತಾರೆ. ಸಮುದ್ರದ ಲೆಕ್ಕ ಮಾತ್ರ ಉಲ್ಟಾ. ಡೆನ್ಮಾರ್ಕಿನಲ್ಲಿ ಎಲ್ಲೇ ನಿಂತರೂ ಸುಮಾರು 50 ಕಿ.ಮೀ. ಒಳಗೆ ಸಮುದ್ರ ಸಿಗುತ್ತೆ. ಇಲ್ಲಿಂದ ಕಮಲಾಪುರಕ್ಕೆ ಹೋಗಿ ವಾಪಸ್ ಬರೋವಷ್ಟರಲ್ಲಿ ಅವರು ನೀರಿನಲ್ಲಿ ಇಳಿದಿರ್ತಾರೆ.

ಈಗ ಗಡಿಯ ವಿಷಯ. ಡೇನರ ರಾಜ್ಯ ಒಂದು ಕಾಲಕ್ಕೆ ತುಂಬಾ ದೊಡ್ಡದಿತ್ತು. 1658ರಲ್ಲಿ ಸ್ಕೋನೆ ಪ್ರಾಂತ ಸ್ವೀಡನ್ ಪಾಲಾಯಿತು. 1814ರಲ್ಲಿ ನಾರ್ವೆ ಕೈತಪ್ಪಿತು. 1864ರಲ್ಲಿ ಪ್ರಷ್ಯಾ, ಆಸ್ಟ್ರಿಯಾ ಜೊತೆ ಯುದ್ಧದಲ್ಲಿ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಕಳ್ಕೊಂಡರು. ಆ ಒಂದೇ ಏಟಿಗೆ ರಾಜ್ಯದ ನೆಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. ಡೇನಿಷ್ ಮಾತಾಡೋ ಜನ ಜರ್ಮನ್ ಆಳ್ವಿಕೆಯಲ್ಲಿ ಸಿಕ್ಕಿಬಿದ್ದರು. 1920ರಲ್ಲಿ ಜನರ ಮತ ಕೇಳಿದಾಗ ಶ್ಲೆಸ್ವಿಗ್‌ನ ಉತ್ತರ ಭಾಗ ಡೆನ್ಮಾರ್ಕಿಗೆ ವಾಪಸ್ ಬಂತು. ಫ್ಲೆನ್ಸ್‌ಬುರ್ಗ್ ಊರು ಜರ್ಮನಿಯಲ್ಲೇ ಉಳಿಯಿತು. ಗೆರೆ ಎಲ್ಲಿ ಎಳೆದರೂ ಆ ಕಡೆ ಒಂದಷ್ಟು ಡೇನರು, ಈ ಕಡೆ ಒಂದಷ್ಟು ಜರ್ಮನ್ನರು ಉಳಿದೇ ಉಳಿದರು.

ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಆಳಂದ, ಅಫಜಲಪುರ ದಾಟಿದ ಕೂಡಲೇ ಬರೋ ಅಕ್ಕಲಕೋಟೆ, ಅದರಾಚೆಯ ಸೊಲ್ಲಾಪುರ ಮಹಾರಾಷ್ಟ್ರದಲ್ಲಿವೆ. ಅಲ್ಲಿ ಮನೆಮಾತು ಕನ್ನಡ ಆಗಿರೋರು ಬೇಕಾದಷ್ಟು ಜನ, ಕನ್ನಡ ಶಾಲೆಗಳೂ ಇವೆ. ನಮ್ಮ ಕ್ಲಾಸುಗಳಲ್ಲೇ ಸೋದರಮಾವನ ಊರು ಅಕ್ಕಲಕೋಟೆ ಕಡೆ ಅನ್ನೋರು ಎಷ್ಟು ಜನ ಇದ್ದಾರೆ, ಕೈ ಎತ್ತಿಸಿ ನೋಡ್ರಿ.

ಡೇನರೂ ಜರ್ಮನ್ನರೂ 1955ರಲ್ಲಿ ಒಂದು ಕೆಲಸ ಮಾಡಿದರು. ಬಾನ್ ಮತ್ತು ಕೋಪನ್‌ಹೇಗನ್‌ನಲ್ಲಿ ಎರಡೂ ಸರ್ಕಾರಗಳು ಒಂದೊಂದು ಘೋಷಣೆ ಹೊರಡಿಸಿದವು. ನಮಗೆ ಅದರಲ್ಲಿ ತುಂಬಾ ಹಿಡಿಸಿದ್ದು ಒಂದು ಅಂಶ: ಯಾರಾದರೂ ತಾನು ಡೇನ್ ಅಂದರೆ ಅಥವಾ ತಾನು ಜರ್ಮನ್ ಅಂದರೆ ಅಧಿಕಾರಿಗಳು ಅದನ್ನು ಪ್ರಶ್ನಿಸೋ ಹಾಗಿಲ್ಲ, ಪರೀಕ್ಷೆ ಮಾಡೋ ಹಾಗೂ ಇಲ್ಲ. ಹೇಳಿದ್ದೇ ಸಾಕು. ಈಗ ಜರ್ಮನಿಯ ಆ ಭಾಗದಲ್ಲಿ ಸುಮಾರು 50,000 ಡೇನರಿದ್ದಾರೆ. ಅವರಿಗೆ ತಮ್ಮದೇ ಶಾಲೆ, ಗ್ರಂಥಾಲಯ, ದಿನಪತ್ರಿಕೆ ಇವೆ. ಅವರ ಪಕ್ಷಕ್ಕೆ ಶೇ. 5 ಮತಗಳ ನಿಯಮದಿಂದ ವಿನಾಯಿತಿ ಇದೆ, 2021ರಲ್ಲಿ ಜರ್ಮನ್ ಸಂಸತ್ತಿನಲ್ಲಿ ಒಂದು ಸೀಟೂ ಬಂತು. ನಮ್ಮ ಕಡೆ ಗಡಿ ಅಂದ ತಕ್ಷಣ ಬಸ್ಸಿಗೆ ಮಸಿ ಬಳಿಯೋದು ನೆನಪಾಗುತ್ತೆ. ಆ ಕಡೆಯ ಕನ್ನಡ ಶಾಲೆಗೆ ಈ ವರ್ಷ ಪುಸ್ತಕ ಮುಟ್ಟಿತಾ ಅಂತ ಕೇಳೋರು ಕಡಿಮೆ. ಈ ಕಡೆಯ ಮರಾಠಿ, ಉರ್ದು, ತೆಲುಗು ಶಾಲೆಗಳಿಗೂ ಅದೇ ಪ್ರಶ್ನೆ.

1864ರ ನಂತರ ಡೇನರು ಕೈಕಟ್ಟಿ ಕೂರಲಿಲ್ಲ. ಬರಡು ನೆಲ ಹಸನು ಮಾಡೋಕೆ 1866ರಲ್ಲಿ ಒಂದು ಸಂಘ ಕಟ್ಟಿದರು. 1882ರಲ್ಲಿ ಯೆಡ್ಡಿಂಗ್ ಹಳ್ಳಿಯಲ್ಲಿ ಮೊದಲ ಸಹಕಾರಿ ಡೈರಿ. ಅಲ್ಲಿನ ಸಹಕಾರಿ ಡೈರಿಗಳಲ್ಲಿ ಹಸು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು ಅನ್ನೋದು ಪದ್ಧತಿಯಾಯಿತು. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಕತೆ ಓದಿದವರಿಗೆ ಇದು ಹೊಸದಲ್ಲ. ಯುದ್ಧಕ್ಕೂ ಮೊದಲೇ, 1844ರಲ್ಲಿ, ಭಾಷೆಯ ಗಡಿಯ ಮೇಲಿದ್ದ ರೊಡ್ಡಿಂಗ್ ಊರಲ್ಲಿ ರೈತರ ಮಕ್ಕಳಿಗೆ ಪರೀಕ್ಷೆ ಇಲ್ಲದ 'ಜನಶಾಲೆ' ಶುರುವಾಗಿತ್ತು. ಗ್ರುಂಟ್‌ವಿಗ್ ಅನ್ನೋ ಪಾದ್ರಿಯ ಯೋಚನೆ ಅದು. ಲ್ಯಾಟಿನ್ ಬಾಯಿಪಾಠ ಬೇಡ, ತಾಯಿಯ ಮಾತಲ್ಲಿ ಚರ್ಚೆ ಮಾಡಿ ಕಲೀರಿ ಅಂದರು. ಹಳೇ ಮೈಸೂರು ಕಡೆ ವಯಸ್ಕರ ಶಿಕ್ಷಣ ಸಮಿತಿ ನಡೆಸಿದ ವಿದ್ಯಾಪೀಠಗಳಿಗೆ ಮಾದರಿ ಇದೇ ಶಾಲೆಗಳು. (ಪರೀಕ್ಷೆ ಇಲ್ಲದ ಶಾಲೆ! ಇಂಟರ್ನಲ್ಸ್ ವಾರದಲ್ಲಿ ಇದನ್ನ ಬರೀತಿರೋದ್ರಿಂದ ಸ್ವಲ್ಪ ಹೊಟ್ಟೆಕಿಚ್ಚಾಗುತ್ತೆ.)

ಡೇನರನ್ನ ಬರೀ ಒಳ್ಳೇವರು ಅಂತ ತೋರಿಸೋದೂ ಸರಿಯಲ್ಲ. 1620ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿ ವ್ಯಾಪಾರಕ್ಕೆ ಕೂತೋರು ಅವರೂ. ಆಫ್ರಿಕಾದಿಂದ ಗುಲಾಮರನ್ನ ಹಡಗಿನಲ್ಲಿ ತುಂಬಿ ಕೆರಿಬಿಯನ್ ದ್ವೀಪಗಳಿಗೆ ಸಾಗಿಸಿದೋರೂ ಹೌದು.

ನಮ್ಮ ಜಿಲ್ಲೆಗೂ ಆ ನಾಡಿಗೂ ಗಟ್ಟಿ ನಂಟು ಇರೋದು ಕಲ್ಲಿನಲ್ಲಿ. ಡೆನ್ಮಾರ್ಕಿನ ನೆಲದಡಿ ಇರೋದು ಬಿಳಿ ಸೀಮೆಸುಣ್ಣದ ಕಲ್ಲು. ಸ್ಟೆವನ್ಸ್ ಕ್ಲಿಂಟ್ ಅನ್ನೋ ಕಡಲ ಬಂಡೆಯಲ್ಲಿ ಆ ಬಿಳಿ ಪದರಗಳ ನಡುವೆ ಒಂದು ತೆಳ್ಳನೆಯ ಕಪ್ಪು ಜೇಡಿಯ ಗೆರೆ ಇದೆ. 6.6 ಕೋಟಿ ವರ್ಷ ಹಿಂದೆ ಡೈನೋಸಾರ್‌ಗಳು ಅಳಿದ ಹೊತ್ತಿನ ಗೆರೆ ಅದು. ಅದರಲ್ಲಿ ಇರಿಡಿಯಂ ಅಂಶ ವಿಪರೀತ ಹೆಚ್ಚಿರೋದನ್ನ 1980ರಲ್ಲಿ ಪ್ರಕಟಿಸಿದ ಮೇಲೇ ಕ್ಷುದ್ರಗ್ರಹ ಬಡಿದ ವಾದ ಗಟ್ಟಿಯಾಗಿದ್ದು. ಆ ಗೆರೆಯ ನಂತರ ಶುರುವಾಗೋ ಭೂಯುಗದ ಹೆಸರೇ 'ಡೇನಿಯನ್'. ಅದೇ ಕಾಲಕ್ಕೆ ದಖ್ಖನ್ನಿನಲ್ಲಿ ಲಾವಾ ಉಕ್ಕಿ ಹರೀತಿತ್ತು. ಆಳಂದ, ಕಮಲಾಪುರ ಕಡೆಯ ಕಪ್ಪು ಕಲ್ಲು, ನಮ್ಮ ತೊಗರಿ ಬೆಳೆಯೋ ಕರಿ ಮಣ್ಣು ಆ ಲಾವಾದಿಂದ ಬಂದದ್ದು. ಅಲ್ಲಿನ ಒಂದು ಗೆರೆ, ಇಲ್ಲಿನ ಒಂದು ಹೊಲ, ಎರಡರ ವಯಸ್ಸೂ ಹೆಚ್ಚುಕಮ್ಮಿ ಒಂದೇ.

ಕಲಬುರಗಿಯಿಂದ ದಕ್ಷಿಣಕ್ಕೆ ಇಳಿದರೆ ಲಾವಾ ಮುಗಿದು ಅದಕ್ಕಿಂತ ಎಷ್ಟೋ ಹಳೆಯ ಸುಣ್ಣದ ಕಲ್ಲು ಮೇಲೆ ಬರುತ್ತೆ. ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ. ಮನೆಗೆ ಹಾಸೋ ಶಹಾಬಾದ್ ಫರ್ಸಿ ಇದೇ, ಸಿಮೆಂಟೂ ಇದೇ. ಡೇನರೂ ತಮ್ಮ ಸೀಮೆಸುಣ್ಣವನ್ನ ಸುಟ್ಟು ಸಿಮೆಂಟ್ ಮಾಡಿದರು. 1882ರಲ್ಲಿ ಕೋಪನ್‌ಹೇಗನ್‌ನಲ್ಲಿ ಎಫ್.ಎಲ್. ಸ್ಮಿಟ್ ಕಂಪನಿ ಶುರುವಾಯಿತು, 1889ರಲ್ಲಿ ಓಲ್‌ಬೋರ್ಗ್‌ನಲ್ಲಿ ಸಿಮೆಂಟ್ ಕಾರ್ಖಾನೆ. ಆದರೆ ಅವರ ಬುದ್ಧಿವಂತಿಕೆ ಸಿಮೆಂಟ್ ಮಾರೋದ್ರಲ್ಲಿ ನಿಲ್ಲಲಿಲ್ಲ. ಸಿಮೆಂಟ್ ಮೂಟೆ ಭಾರ, ದೂರ ಸಾಗಿಸಿದರೆ ಬಾಡಿಗೆಯೇ ತಿಂದುಹಾಕುತ್ತೆ. ಸಿಮೆಂಟ್ ಮಾಡೋ ಯಂತ್ರ, ಅದರ ಡ್ರಾಯಿಂಗು, ಅದನ್ನ ಕೂಡಿಸೋ ಎಂಜಿನಿಯರು ಜಗತ್ತಿನ ಯಾವ ಮೂಲೆಗಾದರೂ ಹೋಗಬಹುದು.

ಹಾಗೇ ಹೋದವರಲ್ಲಿ ಇಬ್ಬರು ಭಾರತಕ್ಕೆ ಬಂದರು: ಹೆನ್ನಿಂಗ್ ಹೋಲ್ಕ್-ಲಾರ್ಸನ್, ಸೋರೆನ್ ಟೂಬ್ರೋ. ಇಬ್ಬರೂ ಎಫ್.ಎಲ್. ಸ್ಮಿಟ್‌ನಲ್ಲಿದ್ದ ಎಂಜಿನಿಯರುಗಳು. 1938ರಲ್ಲಿ ಮುಂಬೈಯಲ್ಲಿ ಸೇರಿ ಸ್ವಂತ ಕಂಪನಿ ಮಾಡಿದರು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಸೀನಿಯರ್‌ಗಳು ಜಪ ಮಾಡೋ ಎಲ್ ಅಂಡ್ ಟಿ ಅದೇ. ಮೊದಲ ಆಫೀಸು ಎಷ್ಟು ಇಕ್ಕಟ್ಟು ಅಂದ್ರೆ ಒಂದು ಸಲಕ್ಕೆ ಇಬ್ಬರಲ್ಲಿ ಒಬ್ಬರೇ ಕೂರೋಕಾಗ್ತಿತ್ತು ಅಂತ ಕಂಪನಿಯ ಇತಿಹಾಸದಲ್ಲೇ ಹೇಳಿಕೊಳ್ತಾರೆ. ಶುರುವಿಗೆ ಡೆನ್ಮಾರ್ಕಿನಿಂದ ಡೈರಿ ಯಂತ್ರ ತರಿಸಿ ಮಾರ್ತಿದ್ದರು. 1940ರ ಏಪ್ರಿಲಿನಲ್ಲಿ ಜರ್ಮನಿ ಡೆನ್ಮಾರ್ಕನ್ನ ಆಕ್ರಮಿಸಿತು, ಸಾಮಾನು ಬರೋದೇ ನಿಂತುಹೋಯಿತು. ತವರಿಗೆ ದಾರಿ ಮುಚ್ಚಿದ ಮೇಲೆ ಬೇರೆ ಉಪಾಯವಿಲ್ಲದೆ ಯಂತ್ರಗಳನ್ನ ಇಲ್ಲೇ ತಯಾರಿಸೋಕೆ ಕೈಹಾಕಿದರು, ಹಡಗು ರಿಪೇರಿಗೂ ಇಳಿದರು. ಹೋಲ್ಕ್-ಲಾರ್ಸನ್‌ಗೆ 1976ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2002ರಲ್ಲಿ ಪದ್ಮಭೂಷಣ ಬಂತು. ಕಂಪನಿಯ ಸಿಮೆಂಟ್ ವ್ಯವಹಾರ 2004ರಲ್ಲಿ ಬೇರೆಯಾಗಿ ಅಲ್ಟ್ರಾಟೆಕ್ ಆಯಿತು. ಮಳಖೇಡದ ಸಿಮೆಂಟ್ ಕಾರ್ಖಾನೆ ಮೇಲೆ ಈಗಿರೋ ಹೆಸರು ಅದೇ. ಅಂದ್ರೆ ಕವಿರಾಜಮಾರ್ಗದ ಊರಲ್ಲಿ ಇಂದು ಓಡಾಡೋ ಲಾರಿಗಳ ಮೇಲಿನ ಹೆಸರಿನ ಹಿಂದೆ ಇಬ್ಬರು ಡೇನರಿದ್ದಾರೆ.

ಅಷ್ಟು ಚಿಕ್ಕ ದೇಶಕ್ಕೆ ಇಷ್ಟು ಎಂಜಿನಿಯರುಗಳು ಎಲ್ಲಿಂದ ಬಂದರು? ಉತ್ತರದಲ್ಲಿ ಒಂದು ಭಾಗ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್. 1820ರಲ್ಲಿ ತಂತಿಯಲ್ಲಿ ಕರೆಂಟ್ ಹರಿದಾಗ ಪಕ್ಕದ ದಿಕ್ಸೂಚಿ ಮುಳ್ಳು ತಿರುಗೋದನ್ನ ತೋರಿಸಿದವರು. ನಮ್ಮ ಇಲೆಕ್ಟ್ರಿಕಲ್ ಬ್ರಾಂಚು ನಿಂತಿರೋದೇ ಆ ಮುಳ್ಳಿನ ಮೇಲೆ. 1829ರಲ್ಲಿ ಅವರೇ ಕೋಪನ್‌ಹೇಗನ್‌ನಲ್ಲಿ ಪಾಲಿಟೆಕ್ನಿಕ್ ಸ್ಥಾಪಿಸಿದರು, ಅದು ಇವತ್ತಿನ ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯ, ಡಿಟಿಯು. ನಮ್ಮ ಪುಸ್ತಕಗಳು ಹೇಳದೇ ಬಿಡೋ ಮೂರನೇ ಕೆಲಸವೊಂದಿದೆ. ಅವರು ವಿಜ್ಞಾನಕ್ಕೆ ಬೇಕಾದ ಡೇನಿಷ್ ಪದಗಳನ್ನ ರಾಶಿ ರಾಶಿಯಾಗಿ ಕಟ್ಟಿದರು.

ಉದಾಹರಣೆಗೆ ಆಕ್ಸಿಜನ್. ಲಾವೋಸಿಯೆ ಆ ಹೆಸರು ಇಟ್ಟಾಗ ಎಲ್ಲ ಆಮ್ಲಗಳಲ್ಲೂ ಆ ಅನಿಲ ಇರಲೇಬೇಕು ಅಂತ ನಂಬಿದ್ದ, ಹೆಸರಿನ ಅರ್ಥವೂ 'ಆಮ್ಲ ಹುಟ್ಟಿಸೋದು'. 1810ರಲ್ಲಿ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ ಅಂತ ತೋರಿಸಿಬಿಟ್ಟ. ಓರ್ಸ್ಟೆಡ್ 1814ರಲ್ಲಿ ಡೇನಿಷ್‌ಗೆ ಕೊಟ್ಟ ಪದ 'ಇಲ್ಟ್'. ಬೆಂಕಿಗೆ ಅವರ ಭಾಷೆಯಲ್ಲಿರೋ ಪದದಿಂದ ಮಾಡಿದ್ದು. ಹೈಡ್ರೋಜನ್‌ಗೆ 'ಬ್ರಿಂಟ್', ಉರಿಯೋದು ಅನ್ನೋ ಕ್ರಿಯಾಪದದಿಂದ. ಘನಗಾತ್ರಕ್ಕೆ 'ರುಮ್‌ಫಾಂಗ್', ಅಂದ್ರೆ ಜಾಗ ಹಿಡಿಯೋದು. ಈ ಪದಗಳು ಇವತ್ತಿಗೂ ಅಲ್ಲಿನ ಶಾಲೆಗಳಲ್ಲಿವೆ. ಒಲೆ ಹಚ್ಚಿ ಗೊತ್ತಿರೋ ಯಾರಿಗಾದರೂ ಇಲ್ಟ್ ಯಾಕೆ ಬೇಕು ಅಂತ ಅರ್ಧ ಅರ್ಥ ಆಗಿಬಿಡುತ್ತೆ.

ನಮ್ಮ 'ಆಮ್ಲಜನಕ' ಲಾವೋಸಿಯೆಯ ಹೆಸರಿನ ಸಂಸ್ಕೃತ ಅನುವಾದ, ಅವನ ತಪ್ಪು ಸಮೇತ. ಅದಕ್ಕೆ ಹೋಲಿಸಿದರೆ 'ಇಂಗಾಲ' ಚೆನ್ನಾಗಿದೆ, ಇದ್ದಿಲು ಕಣ್ಣಿಗೆ ಕಾಣುತ್ತೆ. ಹಾಗಂತ ಆಮ್ಲಜನಕವನ್ನ ಈಗ ಕಿತ್ತುಹಾಕಬೇಕು ಅನ್ನೋದು ನಮ್ಮ ವಾದ ಅಲ್ಲ. ಕೋವಿಡ್ ಕಾಲದಲ್ಲಿ ಆ ಪದ ದಿನಾ ಪೇಪರಿನಲ್ಲಿ ಬಂದು ಮನೆಮನೆಗೆ ಗೊತ್ತಾಗಿದೆ. ಪದ ಕಟ್ಟೋರು ಯಾರ ಬಾಯಿಂದ ಪದ ಎತ್ತಿಕೊಂಡರು ಅನ್ನೋದನ್ನ ನೋಡ್ರಿ ಅಂತಷ್ಟೇ ಹೇಳ್ತಿದ್ದೀವಿ. ಮತ್ತೆ ಇದೇ ಓರ್ಸ್ಟೆಡ್ ತಮ್ಮ 1820ರ ಶೋಧವನ್ನ ಪ್ರಕಟಿಸಿದ್ದು ಡೇನಿಷ್‌ನಲ್ಲಲ್ಲ, ಲ್ಯಾಟಿನ್‌ನಲ್ಲಿ, ಯುರೋಪಿನ ವಿಜ್ಞಾನಿಗಳೆಲ್ಲ ಓದಲಿ ಅಂತ. ಹೊರಗಿನವರಿಗೆ ಒಂದು ಭಾಷೆ, ಮನೆಯವರಿಗೆ ಇನ್ನೊಂದು. ಎರಡೂ ಕೆಲಸ ಒಬ್ಬರೇ ಮಾಡಿದರು.

ಇವತ್ತಿನ ಡೆನ್ಮಾರ್ಕೂ ಇದರಲ್ಲಿ ಸುಖವಾಗೇನೂ ಇಲ್ಲ. ಡಿಟಿಯುನಲ್ಲಿ ಪದವಿ ಹಂತದ ಪಾಠ ಬಹುತೇಕ ಡೇನಿಷ್‌ನಲ್ಲಿ, ಸ್ನಾತಕೋತ್ತರ ಪಾಠ ಇಂಗ್ಲಿಷ್‌ನಲ್ಲಿ. ಹೀಗೇ ಒಂದೊಂದೇ ವಿಷಯ ಭಾಷೆಯಿಂದ ಜಾರಿಹೋದರೆ ಗತಿ ಏನು ಅನ್ನೋದು ಅಲ್ಲಿ ದೊಡ್ಡ ಚರ್ಚೆ. 60 ಲಕ್ಷ ಜನ ಈ ಚಿಂತೆ ಮಾಡ್ತಾರೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂದವರು 4.37 ಕೋಟಿ. 2021ರಿಂದ ಎಐಸಿಟಿಇ ಕನ್ನಡದಲ್ಲೂ ಬಿ.ಟೆಕ್. ಪಾಠಕ್ಕೆ ಅವಕಾಶ ಕೊಟ್ಟಿದೆ. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ ಸದ್ಯಕ್ಕೆ ಕನ್ನಡ ಅಂದ್ರೆ ವಿಟಿಯುನ ಸಾಂಸ್ಕೃತಿಕ ಕನ್ನಡ ಪೇಪರು ಮತ್ತು ನವೆಂಬರ್ ಕಾರ್ಯಕ್ರಮ.

ಡೇನರ ಊರು ನಮ್ಮ ಅಕ್ಷರಗಳನ್ನೂ ಮುಟ್ಟಿದೆ. ಕೊಲ್ಕತ್ತಾ ಹತ್ತಿರ ಹೂಗ್ಲಿ ದಂಡೆಯ ಸೆರಾಂಪುರ 1755ರಿಂದ ಡೇನರ ಕೈಲಿತ್ತು, ರಾಜನ ಹೆಸರಲ್ಲಿ ಅದನ್ನ ಫ್ರೆಡರಿಕ್ಸ್‌ನಗರ ಅಂತಿದ್ದರು. ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರದೇಶದಲ್ಲಿ ಪಾದ್ರಿಗಳಿಗೆ ಜಾಗ ಕೊಡದೇ ಇದ್ದಾಗ ಇಂಗ್ಲಿಷಿನ ವಿಲಿಯಂ ಕೇರಿ 1800ರಲ್ಲಿ ಅಲ್ಲಿಗೆ ಹೋಗಿ ಆಶ್ರಯ ಪಡೆದರು, ಅಚ್ಚುಕೂಟ ನಡೆಸಿದರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಅಲ್ಲಿ ಅಚ್ಚಾಯಿತು. ಕನ್ನಡ ಮುದ್ರಣದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ನಮ್ಮ ಅಚ್ಚಿನ ಮೊಳೆಗಳು ಡೇನರ ಬಾವುಟದ ನೆರಳಲ್ಲಿ ತಯಾರಾದವು ಅಂದರೆ ತಪ್ಪಿಲ್ಲ. 1845ರಲ್ಲಿ ಸೆರಾಂಪುರ, ತರಂಗಂಬಾಡಿ ಎರಡನ್ನೂ ಡೇನರು ಬ್ರಿಟಿಷರಿಗೆ ಮಾರಿಬಿಟ್ಟರು.

ಓರ್ಸ್ಟೆಡ್ ಕತೆ ಓದಿದ ಮೇಲೆ ನಮ್ಮ ಸಂಘದಲ್ಲಿ ಒಂದು ವಹಿ ಇಟ್ಟಿದ್ದೀವಿ. ಸೂಪರ್ ಮಾರ್ಕೆಟ್ ಸುತ್ತಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಕಟ್ಟಡದ ಕೆಲಸ ನಡೆಯೋ ಕಡೆ ಜನ ಬಳಸೋ ಪದ ಬರ್ಕೊಳ್ಳೋದು. ಸ್ಪ್ಯಾನರ್‌ಗೆ ಪಾನಾ, ಪ್ಲೈಯರ್‌ಗೆ ಪಕ್ಕಡ್, ಮೂಲೆ ನೇರ ನೋಡೋ ಪಟ್ಟಿಗೆ ಗುನ್ಯಾ, ಪ್ಲಾಸ್ಟರಿಗೆ ಗಿಲಾವ್, ಕಾಂಕ್ರೀಟಿಗೆ ಹಾಕೋ ಕಲ್ಲಿಗೆ ಖಡಿ, ಮರಳಿಗೆ ಉಸುಕು. ಇವುಗಳಲ್ಲಿ ಎಷ್ಟೋ ಉರ್ದು, ಮರಾಠಿ ಕಡೆಯಿಂದ ಬಂದವು, ಇರಲಿ ಬಿಡ್ರಿ, ಸುಮಾರು ಕಾಲದಿಂದ ಇಲ್ಲೇ ಬಾಳ್ವೆ ಮಾಡಿವೆ. ಸಿವಿಲ್‌ನವರು 'ಕೋರ್ಸ್ ಅಗ್ರಿಗೇಟ್' ಅಂತ ಪರೀಕ್ಷೆಯಲ್ಲಿ ಬರೆದು ಸೈಟಿಗೆ ಹೋಗಿ ನಿಂತರೆ ಮೇಸ್ತ್ರಿ ಕೇಳೋದು "ಖಡಿ ಎಷ್ಟು ಬುಟ್ಟಿ ಹಾಕ್ಲಿ?" ಅಂತ. ಆ ಎರಡೂ ಪದ ಒಂದೇ ಪುಟದಲ್ಲಿ ಇರಬೇಕು ಅನ್ನೋದಷ್ಟೇ ವಹಿಯ ಉದ್ದೇಶ.

ಇಲ್ಲೀವರೆಗೆ ಮೆಕ್ಯಾನಿಕಲ್‌ಗಿಂತ ಸಿವಿಲ್ ಪದಗಳೇ ಜಾಸ್ತಿ ಸಿಕ್ಕಿವೆ. ಟಾರ್ಕ್‌ಗೆ ಇನ್ನೂ ಸರಿಯಾದ್ದು ಸಿಕ್ಕಿಲ್ಲ. ಗ್ಯಾರೇಜು, ಲೇಥ್ ಅಂಗಡಿ ಇಟ್ಟಿರೋ ಮನೆಯವರು ಯಾರಾದರೂ ಇದ್ದರೆ, ಬೋಲ್ಟು ಎಷ್ಟು ಬಿಗೀಬೇಕು ಅನ್ನೋದನ್ನ ಹುಡುಗರಿಗೆ ಹೇಗೆ ಹೇಳಿಕೊಡ್ತಾರೆ ಅಂತ ಕೇಳ್ಕೊಂಡು ಬಂದು ಬರೀರಿ. ಅವರು ಹೇಳಿದ ಹಾಗೇ ಬರೀರಿ, ತಿದ್ದಬೇಡಿ.